ಹೆಬ್ಬೆರಳಿಗೊಂದು ಗೇಮು

ಹೊಳಲ್ಕೆರೆಯ ಆ ಬೀದಿಯವರು ಜಂಪಣ್ಣನ ಬಗ್ಗೆ ಒಂದು ಮಾತು ಆಡುತ್ತಿದ್ದರು: "ಏಳೂರಿನ ಪಂಪ್‌ಸೆಟ್ಟು ಅವನ ಕೈಲಿ ತಿರುಗ್ತವೆ, ಅವನ ಮನೆ ಫ್ಯಾನು ಮಾತ್ರ ಚಂದ್ರಕ್ಕ ಕೋಲಿನಲ್ಲಿ ತಿವಿದರೇ ತಿರುಗೋದು." ಅವನ ಹೆಂಡತಿ ಚಂದ್ರಕ್ಕನ ಬಗ್ಗೆ ಆಡುತ್ತಿದ್ದುದು ಇನ್ನೊಂದು: "ಆಕೆ ತಿರುವಿದ ಮುದ್ದೆ ಬೆಣ್ಣೆ ಕಣ್ರಪ್ಪ." ಈ ಎರಡನೆಯ ಮಾತು ಎರಡು ತಿಂಗಳಿಂದ ನಿಂತುಹೋಗಿತ್ತು. ಬಚ್ಚಲಲ್ಲಿ ಜಾರಿ ಬಿದ್ದು ಚಂದ್ರಕ್ಕನ ಬಲಗೈ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಹೆಬ್ಬೆರಳು ಮಡಚಲೊಲ್ಲದು. ಮುದ್ದೆಕೋಲು ಜಂಪಣ್ಣನ ಕೈಗೆ ಬಂದು, ಗಂಡ ಹೆಂಡತಿ ಇಬ್ಬರೂ ದಿನಾ ಗಂಟು ನುಂಗುತ್ತಿದ್ದರು.

"ರಬ್ಬರ್ ಚೆಂಡು ಹಿಸುಕಲಿ, ಇಲ್ಲಾ ಹುಡುಗರ ಬಟನ್ ಗೇಮಾದರೂ ಒತ್ತಲಿ" ಎಂದಿದ್ದರು ಡಾಕ್ಟರು. ಚೆಂಡನ್ನು ಚಂದ್ರಕ್ಕ ಮೊದಲ ದಿನವೇ ಎಡಗೈಯಲ್ಲಿ ಅಟ್ಟಕ್ಕೆ ಎಸೆದಳು. ಹಾಗಾಗಿ ಜಂಪಣ್ಣ ಚಿತ್ರದುರ್ಗಕ್ಕೆ ಹೋಗಿ, ಉಸ್ಮಾನ್ ಸಾಬರ ಹಳೇ ಮೊಬೈಲ್ ಅಂಗಡಿಯಿಂದ ಅಂಗೈಯಗಲದ ಸೆಕೆಂಡ್ ಹ್ಯಾಂಡ್ ವಿಡಿಯೋ ಗೇಮು ತಂದಿದ್ದ. ಅದೀಗ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿತ್ತು.

ಚಂದ್ರಕ್ಕ: ಉಸಿರಿಲ್ಲ ಕಣ್ರಿ ಇದಕ್ಕೆ. ಬಿಳೀ ಬಟ್ಟೆ ಹೊದಿಸ್ಲಾ?

ಜಂಪಣ್ಣ: ಬಾಯಿ ಮುಚ್ಚೇ. ಬೋರಿಗೆ ಇಳಿಸಿದ ಮೋಟರೂ ಮೊದಲು ಹಿಂಗೇ ಸುಮ್ಮನಿರ್ತೈತೆ. ಆಮೇಲೆ ಒಂದೇ ಸಲ ನೀರು ಎತ್ತತೈತೆ.

ಚಂದ್ರಕ್ಕ: ಇದು ನೀರು ಎತ್ತೋದು ಬ್ಯಾಡ, ಲೈಟು ಹತ್ತಿದ್ರೆ ಸಾಕು.

ಜಂಪಣ್ಣ: ಆ ಬಟನ್ ಒತ್ತು. ಗಟ್ಟಿಯಾಗಿ ಒತ್ತು.

ಚಂದ್ರಕ್ಕ: ಗಟ್ಟಿಯಾಗಿ ಒತ್ತೋ ಬೆರಳಿದ್ದಿದ್ರೆ ಇದನ್ಯಾಕೆ ತರ್ತಿದ್ರಿ?

ಮಾತಿನಲ್ಲಿ ಸೋತಾಗೆಲ್ಲ ಎದ್ದು ಹೊರಗೆ ಹೋಗುವುದು ಜಂಪಣ್ಣನ ಪದ್ಧತಿ. ಹೋದ. ಪಕ್ಕದ ಮನೆ ಜಗಲಿಯಲ್ಲಿ ಕೂತಿದ್ದ ಕರಿಯಣ್ಣನಿಂದ ಫೋನಿನ ಚಾರ್ಜರ್ ಇಸಿದುಕೊಂಡು ಬಂದು ಸಿಕ್ಕಿಸಿದ.

ಚಂದ್ರಕ್ಕ: ಏನಾತು?

ಜಂಪಣ್ಣ: ಅರ್ಧ ಒಳಗೆ ಹೋಗಿ ನಿಲ್ತೈತೆ. ಸಾಬ್ರು ಕೊಟ್ಟ ಚಾರ್ಜರೂ ಹಂಗೇ ನಿಂತಿತ್ತು. ಎರಡೂ ಕಂಪನಿ ಫಾಲ್ಟು.

ಚಂದ್ರಕ್ಕ: ಕರಿಯಣ್ಣನ ಫೋನು ಇದರಲ್ಲೇ ಮೂರು ವರ್ಷ ಬದುಕೈತಲ್ಲ?

ಜಂಪಣ್ಣ: ಅವನ ಫೋನಿಗೆ ಸೊಕ್ಕಿಲ್ಲ.

ಮತ್ತೆ ಹೋದ. ಈ ಸಲ ತನ್ನ ಮೋಟರ್ ಅಂಗಡಿಯಿಂದ ಟೆಸ್ಟರು, ಗ್ರೀಸ್ ಡಬ್ಬ, ಮೊಣಕೈಯುದ್ದದ ಸ್ಪ್ಯಾನರು ಹೊತ್ತು ತಂದ.

ಚಂದ್ರಕ್ಕ: ಇಷ್ಟೇ ಇಷ್ಟು ಗೇಮಿಗೆ ಅಷ್ಟುದ್ದ ಸ್ಪ್ಯಾನರಾ?

ಜಂಪಣ್ಣ: ಧೈರ್ಯಕ್ಕಿರಲಿ ಅಂತ.

ಚಂದ್ರಕ್ಕ: ನಿಮಗಾ, ಅದಕ್ಕಾ? ಸುಮ್ಮನೆ ಸಾಬ್ರಿಗೆ ಫೋನ್ ಮಾಡ್ರಿ.

ಜಂಪಣ್ಣ: ಮೂವತ್ತು ವರ್ಷದ ಮೆಕ್ಯಾನಿಕ್ಕು ನಾನು. ಇನ್ನೊಬ್ಬನ್ನ ಕೇಳ್ಲಾ?

ಚಂದ್ರಕ್ಕ: ಬ್ಯಾಡ ಬಿಡ್ರಿ. ನಾಳೆನೂ ನೀವೇ ಮುದ್ದೆ ತಿರುವ್ರಿ.

ಜಂಪಣ್ಣ ಫೋನ್ ತೆಗೆದ. ಸ್ಪೀಕರ್ ಹಾಕಿದವಳು ಚಂದ್ರಕ್ಕ.

ಉಸ್ಮಾನ್ ಸಾಬ್: ಕ್ಯಾ ಜಂಪಣ್ಣಾ, ನಿಮ್ಮ ಕಣ್ಣೆದುರಿಗೇ ಚಾಲೂ ಮಾಡಿ ತೋರ್ಸಿದ್ನಲ್ಲ! ಚಾರ್ಜು ಕಮ್ಮಿ ಐತೆ, ಮನೇಗೋಗಿ ಹಾಕ್ಕಳ್ರಿ ಅಂತಾನೂ ಅಂದೆ. ನಡುವೆ ಏನ್ ಮಾಡಿದ್ರಿ ಅದಕ್ಕೆ?

ಜಂಪಣ್ಣ: ಏನೂ ಇಲ್ಲ ಸಾಬ್ರೆ. ಮಾಡಬೇಕಾದ್ದು ಮಾಡಿದೀನಿ, ಅಷ್ಟೇ.

ಉಸ್ಮಾನ್ ಸಾಬ್: ಅದೇ, ಏನದು?

ಜಂಪಣ್ಣ: ಹಲೋ... ಸಿಗ್ನಲ್ ಬರ್ತಿಲ್ಲ ಸಾಬ್ರೆ.

ಫೋನು ಜೇಬಿಗಿಳಿಯಿತು.

ಚಂದ್ರಕ್ಕ: ನನಗೆ ಬಂತು ಸಿಗ್ನಲ್ಲು. ಪೂಜೆ ಮಾಡಿದ್ರಾ?

ಜಂಪಣ್ಣ: ಮಾಡ್ದೆ ಬಿಡ್ತೀನಾ? ನನ್ನ ಅಂಗಡಿಯಿಂದ ಯಾವ ಮೋಟರು ಪೂಜೆ ಇಲ್ದೆ ಹೊರಗೆ ಹೋಗೈತೆ? ಬಸ್ಸಿಳಿದೋನೇ ಅಂಗಡಿ ಬಾಗ್ಲು ತೆಗೆದು, ಮುಂದೆ ವಿಭೂತಿ ಬಳಿದು, ಊದುಬತ್ತಿ ಹಚ್ಚಿ...

ಚಂದ್ರಕ್ಕ: ಕುಂಕುಮ ಎಲ್ಲಿಗಿಟ್ರಿ?

ಜಂಪಣ್ಣ: ಮೋಟರಿಗೆ ಎಲ್ಲಿಗಿಡ್ತೀನೋ ಅಲ್ಲಿಗೇ. ಕರೆಂಟು ಒಳಗೆ ಹೋಗೋ ಬಾಯಿಗೆ. ಎಣ್ಣೇಲಿ ಕಲಸಿ ಚೆನ್ನಾಗಿ ಮೆತ್ತಿದೆ. ಆಮೇಲೆ ನಿನಗೆ ಹೊಸದರಂಗೆ ಕಾಣ್ಲಿ ಅಂತ ಮೇಲೆಲ್ಲ ಒರೆಸಿ ತಂದೆ.

ಚಂದ್ರಕ್ಕ: ಮೇಲೆ ಒರೆಸಿದ್ರಿ. ಒಳಗೆ?

ಜಂಪಣ್ಣ ಸ್ಪ್ಯಾನರನ್ನು ಕಾಲಿನಿಂದ ಮೆಲ್ಲಗೆ ಮಂಚದ ಕೆಳಗೆ ಸರಿಸಿದ.

ಚಂದ್ರಕ್ಕ ತಾಳಿಸರಕ್ಕೆ ಸಿಕ್ಕಿಸಿದ್ದ ಪಿನ್ನು ತೆಗೆದಳು. ಗೇಮಿನ ಬಾಯಿಗೆ ಹಾಕಿ ಬೈಯುತ್ತ ಕೆರೆದಳು, ಕೆರೆಯುತ್ತ ಬೈದಳು. ಸಾಸಿವೆ ಸಾಸಿವೆಯಾಗಿ ಕೆಂಪು ಉದುರಿತು. ಊದಿ, ಒರೆಸಿ, ಚಾರ್ಜರ್ ಸಿಕ್ಕಿಸಿದರೆ ಟಕ್ಕೆಂದು ಪೂರ್ತಿ ಕೂತಿತು. ಸ್ವಲ್ಪ ಹೊತ್ತಿಗೆ ಪರದೆ ಬೆಳಗಿ ಪೀಂ ಪೀಂ ಎಂದು ಹಾಡಿತು.

ಜಂಪಣ್ಣ: ನೋಡಿದ್ಯಾ! ಪೂಜೆ ಮಾಡಿದ್ದಕ್ಕೇ ಹತ್ತಿದ್ದು!

ಹಾಗೆನ್ನುತ್ತಲೇ ಅವನ ಕಣ್ಣು ಹೆಂಡತಿಯ ಕೈಮೇಲೆ ಬಿತ್ತು. ಪಿನ್ನು ಇನ್ನೂ ಅಲ್ಲೇ ಇತ್ತು. ಬಲಗೈಯಲ್ಲಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ.

ಜಂಪಣ್ಣ: ಲೇ ಚಂದ್ರಿ... ಬೆರಳು ನೋಡೇ!

ಅವಳು ನೋಡಿಕೊಂಡಳು. ಮಡಚಿದಳು, ಬಿಚ್ಚಿದಳು. ನೋವಿಗೆ ಹಲ್ಲು ಕಚ್ಚಿದಳು, ಕಚ್ಚಿದ ಹಲ್ಲಿನಲ್ಲೇ ನಕ್ಕಳು.

ಚಂದ್ರಕ್ಕ: ನಿಮ್ಮ ಮೇಲಿನ ಸಿಟ್ಟಿಗೆ ಮಡಚೈತೆ ಕಣ್ರಿ.

ಜಂಪಣ್ಣನ ಕಣ್ಣ ಮುಂದೆ ಗಂಟಿಲ್ಲದ ಮುದ್ದೆಯೊಂದು ಬಸ್ಸಾರಿನಲ್ಲಿ ಅರ್ಧ ಮುಳುಗಿ ಹಬೆಯಾಡಿತು.

ಜಂಪಣ್ಣ: ಹಂಗಾದ್ರೆ... ಎಸರಿಗಿಡ್ಲಾ?

ಚಂದ್ರಕ್ಕನ ಹೆಬ್ಬೆರಳು ಆಗಲೇ ಬಟನ್ ಮೇಲಿತ್ತು. ಪರದೆಯಲ್ಲಿ ಮೇಲಿನಿಂದ ಬಣ್ಣಬಣ್ಣದ ಇಟ್ಟಿಗೆ ಇಳಿಯತೊಡಗಿದ್ದವು.

ಜಂಪಣ್ಣ: ಚಂದ್ರೀ, ಎಸರು...

ಚಂದ್ರಕ್ಕ: ಮಾತಾಡಿಸಬ್ಯಾಡ್ರಿ! ನಿಮ್ಮಿಂದ ಇಟ್ಟಿಗೆ ಅಡ್ಡ ಕುಂತ್ಕಂತು ನೋಡ್ರಿ.

ಜಂಪಣ್ಣ: ಅರ್ಧ ಗಂಟೆ ಬಿಟ್ಟು?

ಚಂದ್ರಕ್ಕ: ದಿನಕ್ಕೆ ಎರಡು ಗಂಟೆ ಬೆರಳು ಆಡಿಸಬೇಕು ಅಂದಾರೆ ಡಾಕ್ಟ್ರು. ಇಷ್ಟು ದಿನದ್ದೆಲ್ಲ ಹಂಗೇ ಉಳದೈತೆ.

ಆ ದಿನ ಕೊನೆಯ ಸಲ ಜಂಪಣ್ಣ ಮನೆಯಿಂದ ಹೊರಬಿದ್ದಾಗ ಅವನ ಕೈಯಲ್ಲಿ ಟೆಸ್ಟರಿರಲಿಲ್ಲ, ಸ್ಪ್ಯಾನರೂ ಇರಲಿಲ್ಲ. ಊಟದ ಕ್ಯಾರಿಯರ್ ಇತ್ತು.

ಕರಿಯಣ್ಣ: ಏನ್ ಜಂಪಣ್ಣ, ಆತಾ ರಿಪೇರಿ?

ಜಂಪಣ್ಣ: ನಾನು ಕೈ ಹಾಕಿದ ಮೇಲೆ ಆಗದೆ ಇರ್ತೈತಾ?

ಕರಿಯಣ್ಣ: ಮತ್ತೆ ಕ್ಯಾರಿಯರ್ ಹಿಡ್ಕಂಡು ಮುದ್ದೆ ಹೋಟ್ಲು ಕಡೆ ಹೊಂಟೀಯ?

ಒಳಗಿನಿಂದ ಪೀಂ ಪೀಂ ಸದ್ದು ಬಂತು, ಅದರ ಬೆನ್ನಿಗೇ ಚಂದ್ರಕ್ಕನ ಕೇಕೆ. ಜಂಪಣ್ಣ ಹೆಗಲ ಟವೆಲ್ ಸರಿಮಾಡಿಕೊಂಡ.

ಜಂಪಣ್ಣ: ಟೆಸ್ಟಿಂಗ್ ನಡೀತಾ ಐತೆ ಕಣಪ್ಪ.