ಸುಮ್ಮನಿದ್ದರೆ ನಿಲ್ಲುವ ಯಂತ್ರ

ಎದುರಿಗಿದ್ದವರು ಸುಮ್ಮನಿದ್ದರೆ ಒಪ್ಪಿದ್ದಾರೆ ಎಂದು ತಿಳಿಯುವುದು ನನ್ನ ಹಳೆಯ ಕಾಯಿಲೆ. ತಪ್ಪು ಪೂರ್ತಿ ನನ್ನದಲ್ಲ. ನನ್ನ ಮದುವೆಯೇ ಹಾಗೆ ಕುದುರಿದ್ದು. ಕಂದಿಕೆರೆಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರು "ಹುಡುಗೀಗೆ ಒಪ್ಪಿಗೇನಾ?" ಎಂದಾಗ ನಾನು ಮಾತಾಡಲಿಲ್ಲ. ಬಾಯಲ್ಲಿ ಕೊಬ್ಬರಿ ಮಿಠಾಯಿ ಇತ್ತು. ನುಂಗುವಷ್ಟರಲ್ಲಿ ತಾಂಬೂಲ ಬದಲಾಯಿಸಿಬಿಟ್ಟಿದ್ದರು. ಇದನ್ನು ನಗುತ್ತಲೇ ಹೇಳಬಲ್ಲೆ. ಹೋದ ತಿಂಗಳು ನಡೆದದ್ದನ್ನು ಮಾತ್ರ ಹಾಗೆ ಹೇಳಲಾರೆ.

ತಿಪಟೂರಿನ ಅಂಚಿನಲ್ಲಿ ತೆಂಗಿನಕಾಯಿ ಸುಲಿಯುವ ಯಂತ್ರ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಸಾಫ್ಟ್‌ವೇರ್ ಬರೆಯುತ್ತೇನೆ. ಮುಳ್ಳುಮುಳ್ಳಾದ ಎರಡು ರೋಲರ್‌ಗಳು ತಿರುಗುತ್ತ ಸಿಪ್ಪೆಯನ್ನು ಒಳಗೆಳೆಯುತ್ತವೆ. ಕೈ ಹತ್ತಿರ ಬಂದರೆ ಸೆನ್ಸರ್ "ಕೈ ಇದೆ" ಎನ್ನಬೇಕು, ಯಂತ್ರ ನಿಲ್ಲಬೇಕು. ಆದರೆ ನಾರಿನ ಧೂಳು ಕೂತು ಸೆನ್ಸರೇ ಸುಮ್ಮನಾದರೆ? ಯಂತ್ರವೂ ನನ್ನ ಜಾತಿಯದೇ. ಅಡ್ಡಿಯಿಲ್ಲವೆಂದು ತಿಳಿದು ತಿರುಗುತ್ತಲೇ ಇರುತ್ತದೆ. ಇದನ್ನು ತಿರುಗುಮುರುಗು ಮಾಡಬೇಕೆಂಬುದು ನನ್ನ ಹೊಸ ವಿನ್ಯಾಸ. ಸೆನ್ಸರ್ ಕ್ಷಣಕ್ಷಣವೂ "ಕೈ ಇಲ್ಲ, ಕೈ ಇಲ್ಲ" ಎನ್ನುತ್ತಿರಬೇಕು. ಸುಮ್ಮನಾದರೆ ಯಂತ್ರ ನಿಲ್ಲಬೇಕು.

ಇಪ್ಪತ್ತು ಸ್ಲೈಡ್ ಮಾಡಿ ಸಭೆಯಲ್ಲಿ ತೋರಿಸಿದೆ. ಯಾರೂ ಒಂದೂ ಪ್ರಶ್ನೆ ಕೇಳಲಿಲ್ಲ. ವಿನ್ಯಾಸ ವಿಭಾಗದ ಮುಖ್ಯಸ್ಥರಾದ ಲೋಕೇಶಪ್ಪನವರು ಟೀ ಲೋಟದಲ್ಲಿ ಬಿದ್ದ ಬಿಸ್ಕತ್ತನ್ನು ಎತ್ತುವುದರಲ್ಲಿ ಮಗ್ನರಾಗಿದ್ದರು. ಹೊಸ ಪ್ರೋಗ್ರಾಂ ಅನ್ನು ಯಂತ್ರಕ್ಕೆ ಹಾಕಿಸಬೇಕಾದವರು ಅವರೇ. ಎಲ್ಲರೂ ಒಪ್ಪಿದರೆಂದು ನಾನು ಅಂದು ಮನೆಯಲ್ಲಿ ಪಾಯಸ ಮಾಡಿದೆ.

ವಾರದ ನಂತರ ಯಂತ್ರ ಪರೀಕ್ಷಿಸುವ ದಿನ. ಶೆಟ್ಟಿಕೆರೆಯ ರುದ್ರಣ್ಣ ನಮ್ಮ ಹಿರಿಯ ಫಿಟ್ಟರ್. ಪ್ರತಿ ಯಂತ್ರಕ್ಕೂ ಮೊದಲ ಕಾಯಿ ಕೊಡುವವರು.

"ಹೊಸಾ ಪ್ರೋಗ್ರಾಮು ಹಾಕವ್ರಾ, ಮೇಡಮ್ಮೋರೆ?"

"ಎಲ್ಲರೂ ಒಪ್ಪಿದ್ದಾರೆ ರುದ್ರಣ್ಣ" ಎಂದೆ. ಆ ಮಾತು ಈಗಲೂ ಕಿವಿಯಲ್ಲಿದೆ.

ಸಿಕ್ಕಿಕೊಂಡ ನಾರು ತೆಗೆಯಲು ಅವರು ಬಗ್ಗಿದರು. ಹೆಗಲ ಟವಲ್ಲು ಜಾರಿತು. ರೋಲರ್ ಅದರ ತುದಿ ಕಚ್ಚಿತು. ಧೂಳು ಕೂತ ಸೆನ್ಸರ್ ಸುಮ್ಮನಿತ್ತು, ಯಂತ್ರ ನಿಲ್ಲಲಿಲ್ಲ. ಟವಲ್ಲಿನ ಜೊತೆ ಅದನ್ನು ಹಿಡಿದ ಕೈಯೂ ಒಳಗೆ ಹೋಗುತ್ತಿತ್ತು. ಕೆಂಪು ಗುಂಡಿ ನನ್ನಿಂದ ಒಂದು ಮಾರು ದೂರದಲ್ಲಿತ್ತು. ಹೇಗೆ ಹೋಗಿ ಒತ್ತಿದೆನೋ ತಿಳಿಯದು. ಮುಳ್ಳಿಗೂ ಬೆರಳಿಗೂ ನಡುವೆ ಒಂದು ಕಡಲೆಪುರಿ ಹಿಡಿಸುವಷ್ಟು ಜಾಗವಿತ್ತು.

"ಟವಲ್ ಹೋಯ್ತು ಬುಡಿ" ಎಂದರು ರುದ್ರಣ್ಣ. ಅವರ ತುಟಿ ಬಿಳಿಚಿತ್ತು.

ನಾನು ಲೋಕೇಶಪ್ಪನವರ ಮುಂದೆ ಹೋಗಿ ನಿಂತೆ. "ಹೊಸದನ್ನ ಯಾಕೆ ಹಾಕಿಸ್ಲಿಲ್ಲ ಸರ್?"

"ನಾನ್ಯಾವಾಗ ಹ್ಞೂಂ ಅಂದೆ?"

"ಬೇಡ ಅನ್ನಲಿಲ್ಲವಲ್ಲ!"

"ಅಲ್ಲ ಕಣಮ್ಮ, ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೀದೆ ನಮ್ ಕಡೆ ಮದ್ವೆಗೇ ಯಾರೂ ಬರಲ್ಲ. ನೀನು ಗುಂಪಾಗಿ ಕೂರಿಸ್ಕಂಡು ಸಿನಿಮಾ ತೋರ್ಸಿದ್ರೆ ಬತ್ತಾರಾ?" ಎಂದರು.

ಮಾರನೆಯ ದಿನ ಸ್ಲೈಡ್ ಬಿಟ್ಟು, ಅರ್ಧ ಉಳಿದ ಟವಲ್ಲನ್ನೇ ಹಿಡಿದು ಒಬ್ಬೊಬ್ಬರ ಮೇಜಿಗೂ ಹೋದೆ. ಅದನ್ನು ನೋಡಿದವರೆಲ್ಲ ಬಾಯಿಬಿಟ್ಟು ಹ್ಞೂಂ ಎಂದರು. ಲೋಕೇಶಪ್ಪನವರು ಎರಡು ಸಲ ಎಂದರು.

ಬೀಗುತ್ತ ರುದ್ರಣ್ಣನಿಗೆ ಸುದ್ದಿ ಮುಟ್ಟಿಸಲು ಹೋದೆ. ಅವರು ಏನೂ ಹೇಳಲಿಲ್ಲ. ಬಾಯಲ್ಲಿ ಎಲೆಅಡಿಕೆ ಇತ್ತು. ಈ ಸಲ ಉಗಿದು ಬರುವವರೆಗೂ ಕಾದೆ.

"ಧೂಳು ಕೂತಾಗೆಲ್ಲ ನಿಂತ್ರೆ ಕಾಯಿ ಸುಲಿಯೋದ್ಯಾವಾಗ? ಬೇಜಾರಾಗಿ ಸೆನ್ಸರ್ರೇ ಕಿತ್ತು ಏನಾರ ಮಾಡಿ ಓಡಿಸ್ತಾರೆ. ಅದನ್ನ ಒಂದು ಗೇಣು ಮೇಲಕ್ಕಾಕ್ರಿ, ಧೂಳು ಅಲ್ಲಿಗೆ ಏರಲ್ಲ."

"ಮೊದಲೇ ಯಾಕೆ ಹೇಳಲಿಲ್ಲ ರುದ್ರಣ್ಣ?"

"ಸಭೆಗೆ ನನ್ನ ಕರೆದಿದ್ರಾ? ಕರೀದೆ ಹೆಂಗ್ ಬರಾದು?"

ಸುಮ್ಮನೆ ನಿಂತೆ. ರುದ್ರಣ್ಣ ಅದನ್ನು ಒಪ್ಪಿಗೆಯೆಂದೇ ತಿಳಿದು ಸ್ಪ್ಯಾನರ್ ತರಲು ಹೋದರು.