ಕೊಡೆಯೊಳಗಿನ ಮೂವತ್ತಾರು

ಮಹಾಬಲರ ದೂರು ಇಷ್ಟೇ: ಕೆಮ್ಮಿದವಳು ಹೆಂಡತಿ, ಮಾತ್ರೆ ಬಂದದ್ದು ತನಗೂ.

ಲೋಲಾಕ್ಷಿಗೆ ಕ್ಷಯ ಎಂದು ಗೊತ್ತಾದದ್ದು ಫೆಬ್ರವರಿಯಲ್ಲಿ. ಅವಳಿಗೆ ಆರು ತಿಂಗಳ ಮದ್ದು ಶುರುವಾಯಿತು. ಜೊತೆಗಿರುವ ಗಂಡನನ್ನೂ ಪರೀಕ್ಷಿಸಿ, ರೋಗವಿಲ್ಲವೆಂದು ಖಚಿತಪಡಿಸಿಕೊಂಡು, ಮುಂದೆ ಬಾರದಿರಲೆಂದು ವಾರಕ್ಕೊಮ್ಮೆ ಮೂರರಂತೆ ಹನ್ನೆರಡು ವಾರದ ಮಾತ್ರೆ ಕೊಟ್ಟರು.

ಹೊಸಂಗಡಿಯಲ್ಲಿ ವಾಚು ರಿಪೇರಿ ಮಾಡುವ ಮಹಾಬಲರು ಬಿಡುವಿನಲ್ಲಿ ತಾಳಮದ್ದಳೆಯ ಅರ್ಥಧಾರಿ, ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವವರು. ವಾದದಲ್ಲಿ ಸೋತವರಲ್ಲ. (ಮನೆಯೊಳಗಿನದ್ದು ಬೇರೆ.) ಈ ಮಳೆಗಾಲಕ್ಕೆ, ಮೂವತ್ತು ವರ್ಷದಲ್ಲಿ ಮೊದಲ ಸಲ, ಅಗಲ್ಪಾಡಿಯ ಕೂಟದಲ್ಲಿ ಮುಖ್ಯ ಪಾತ್ರ ಸಿಕ್ಕಿತ್ತು. ಮಾತ್ರೆಯ ಉಷ್ಣಕ್ಕೆ ಸ್ವರ ಹೋದರೆ?

"ಶತ್ರು ಕೋಟೆಬಾಗಿಲಿಗೇ ಬಾರದೆ ಬಾಣ ಹೂಡುವುದು ಯಾವ ಕ್ಷಾತ್ರಧರ್ಮ, ಸಿಸ್ಟರ್?"

"ಬಾಗಿಲು ಎಂತ, ಒಳಗೇ ಬಂದು ಮಲಗಿರಬಹುದು ಮಾರಾಯ್ರೆ," ಎಂದರು ಮನೆಗೆ ಬಂದಿದ್ದ ನರ್ಸ್ ಭವ್ಯಶ್ರೀ. "ಏಳುವ ಮೊದಲೇ ಹೊಡೀಬೇಕು."

"ಮಲಗಿದವನ ಮೇಲೆ ಆಯುಧ ಎತ್ತುವುದು ವೀರರಿಗೆ ಹೇಳಿದ್ದಲ್ಲ."

"ವೀರರು ಸುಮ್ಮನೆ ನುಂಗಿ," ಎಂದಳು ಲೋಲಾಕ್ಷಿ.

ನುಂಗಲಿಲ್ಲ. ಪ್ರತಿ ಭಾನುವಾರ ಮಾತ್ರೆಗಳನ್ನು ಬಾಯಿಗೆ ಎಸೆದಂತೆ ಅಭಿನಯಿಸಿ, ನೀರು ಕುಡಿದು, ಚಾವಡಿಗೆ ಹೋಗಿ, ಮೊಳೆಗೆ ತೂಗುಹಾಕಿದ್ದ ಕೊಡೆಯ ಮಡಿಕೆಯೊಳಗೆ ಇಳಿಸುತ್ತಿದ್ದರು. ಬೇಸಗೆಯಲ್ಲಿ ಕೊಡೆಯನ್ನು ಯಾರು ಬಿಡಿಸುತ್ತಾರೆ? ಆತ್ಮರಕ್ಷಣೆಗೆ ಬೇರೆಯೇ ವ್ಯೂಹ ರಚಿಸಿದ್ದರು: ಹೆಂಡತಿಯ ಲೋಟಕ್ಕೊಂದು ಕೆಂಪು ಪೈಂಟಿನ ಗುರುತು. ಅವಳು ಅದನ್ನು ನೋಡಿದಳು. ಅದರಲ್ಲೇ ಚಾ ಕುಡಿದಳು.

ಜೂನ್ ಮೊದಲ ವಾರ ಆರೋಗ್ಯ ಕೇಂದ್ರದಲ್ಲಿ ಸಣ್ಣ ಸಭೆ. ಮಾತ್ರೆ ಪೂರ್ತಿ ಮಾಡಿದವರ ಪರವಾಗಿ ಮಹಾಬಲರು ಹದಿನೈದು ನಿಮಿಷ ಮಾತಾಡಿದರು, ನಡುವೆ ನಾಲ್ಕು ಸಲ ಕೆಮ್ಮಿ. ಚಪ್ಪಾಳೆ ಬಿತ್ತು. ಹೊರಗೆ ಮಳೆ ಹಿಡಿದಿತ್ತು. ಚಪ್ಪಾಳೆಯ ಅಮಲಿನಲ್ಲಿ ಅವರು ಲೋಲಾಕ್ಷಿಯ ಕೈಯಿಂದ ಕೊಡೆ ತೆಗೆದುಕೊಂಡು, ಭವ್ಯಶ್ರೀಯ ತಲೆಯ ಮೇಲೆ ಠೀವಿಯಿಂದ ಬಿಡಿಸಿದರು.

ಮಾತ್ರೆಗಳು ಆಲಿಕಲ್ಲಿನಂತೆ ಸುರಿದವು.

ಲೋಲಾಕ್ಷಿ ಬಗ್ಗಿ ಒಂದೊಂದಾಗಿ ಹೆಕ್ಕಿದಳು. "ಮೂವತ್ತಾರು ಉಂಟು. ಒಂದು ವಾರವೂ ತಪ್ಪಿಸಲಿಲ್ಲ, ನೋಡಿ ಸಿಸ್ಟರ್."

ಭವ್ಯಶ್ರೀ ನಗಲಿಲ್ಲ. "ಈ ಕೆಮ್ಮು ಎಷ್ಟು ದಿವಸದ್ದು?"

"ಅದು ಅರ್ಥಗಾರಿಕೆಯ ಅಭ್ಯಾಸದ್ದು…"

"ಮೂರು ವಾರ ಆಯ್ತು," ಎಂದಳು ಲೋಲಾಕ್ಷಿ.

ಕಫದ ಪರೀಕ್ಷೆ ಮಹಾಬಲರ ವಾದ ಕೇಳಲಿಲ್ಲ; ಕ್ಷಯವೆಂದಿತು. ಹನ್ನೆರಡು ಭಾನುವಾರದಲ್ಲಿ ಮುಗಿಯಬಹುದಾಗಿದ್ದದ್ದು ಈಗ ಆರು ತಿಂಗಳು, ದಿನವೂ. ಅಗಲ್ಪಾಡಿಯ ಪಾತ್ರ ಬೇರೆಯವರಿಗೆ ಹೋಯಿತು. ಸ್ವರ ಹೋದದ್ದು ಮಾತ್ರೆಗಲ್ಲ, ಕೆಮ್ಮಿಗೆ.

ಮರುದಿನ ಲೋಲಾಕ್ಷಿ ಚಾ ತಂದಳು. ಇನ್ನು ಕೆಂಪು ಗುರುತಿನ ಆ ಲೋಟ ತನ್ನದೇ ಎಂದುಕೊಂಡು ಅವರು ತಿರುಗಿಸಿ ನೋಡಿದರು. ಗುರುತು ಕಾಣಲಿಲ್ಲ.

"ಉಜ್ಜಿ ತೆಗೆದೆ. ಲೋಟದಿಂದ ಬರುವುದಲ್ಲ ಅಂತ ಸಿಸ್ಟರ್ ಅವತ್ತೇ ಹೇಳಿದ್ರು. ಕ್ಷಾತ್ರಧರ್ಮದ ಗಲಾಟೆಯಲ್ಲಿ ನಿಮಗೆ ಕೇಳಲಿಲ್ಲ."

ನಾಲ್ಕು ತಿಂಗಳು ಅವಳು ಆ ಗುರುತನ್ನು ನೋಡುತ್ತಲೇ ಕುಡಿದಿದ್ದಳು. ಮಹಾಬಲರಿಗೆ ಏನೋ ಹೇಳಬೇಕೆನಿಸಿತು.

"ಮಾತು ಆಮೇಲೆ. ಬಾಯಿ ತೆಗೀರಿ," ಎಂದು ಅವಳು ಮಾತ್ರೆ ಹಾಕಿ, ನೀರು ಕುಡಿಸಿದಳು. "ಈಗ ನಾಲಗೆ ಎತ್ತಿ. ಇನ್ನೂ ಎತ್ತಿ."

ಮೂವತ್ತು ವರ್ಷದ ಅರ್ಥಧಾರಿ ನಾಲಗೆ ಎತ್ತಿ ಕುಳಿತರು. ಚಾವಡಿಯ ಮೊಳೆಯಲ್ಲಿದ್ದ ಕೊಡೆಯನ್ನೂ ಅವಳು ಆಗಲೇ ತೆಗೆದಿಟ್ಟಿದ್ದಳು.