ಹದಿನೈದನೇ ಸ್ಥಾನದ ಪಂದ್ಯದಲ್ಲಿ ಚಿಲ್ಲರೆ ಇಲ್ಲವೆಂದ ಬಗ್ಗೆ

ಇಂದ:
ಚಾಲಕ, ಏಳನೇ ನಂಬರಿನ ಬಸ್ಸು

ಗೆ:
ಕಾರ್ಯದರ್ಶಿಗಳು, ಸಾರಿಗೆ ವಿಭಾಗ,
ಅಂತರರಾಷ್ಟ್ರೀಯ ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಸಮಿತಿ

ವಿಷಯ: ಎರಡು ದೇಶಗಳ ತಂಡಗಳಿಗೆ ವಿಮಾನ ತಪ್ಪಿದ್ದು ಹಾಗೂ ಚಾಲಕನ ಹಿಂದಿನ ಸೀಟು ಒದ್ದೆಯಾದದ್ದು – ಸಮಜಾಯಿಷಿ ನೀಡಿ ಕ್ಷಮೆ ಕೋರುವ ಬಗ್ಗೆ.

ಉಲ್ಲೇಖ: "ನಿನ್ನನ್ನು ಕೆಲಸದಿಂದ ಏಕೆ ತೆಗೆಯಬಾರದು?" ಎಂದು ಕೇಳಿದ ತಮ್ಮ ನೋಟಿಸು.

ಮಾನ್ಯರೇ,

'ನಾನು, ನಾನು' ಎಂದು ಬರೆದರೆ ಜಗಳಕ್ಕೆ ನಿಂತಂತೆ ಕಾಣುತ್ತದೆಂದು ಮನೆಯಾಕೆ ಎಚ್ಚರಿಸಿದ ಕಾರಣ, ಕೆಳಗೆ ಎಲ್ಲ ಕಡೆ 'ಅರ್ಜಿದಾರ' ಎಂದೇ ಬರೆಯಲಾಗಿದೆ. ಕೆಲಸ ಹೋದರೆ ಅರ್ಜಿದಾರನು ಹಗಲೆಲ್ಲ ಮನೆಯಲ್ಲೇ ಇರುತ್ತಾನೆಂಬ ಭಯ ಆಕೆಗಿದೆ.

1. ಗೆದ್ದವರಿಗೆ ತಂಡಕ್ಕೊಂದು ಎಸಿ ಬಸ್ಸು. ಎಲ್ಲ ಪಂದ್ಯ ಸೋತ ಎರಡು ತಂಡಗಳಿಗೆ ಸೇರಿ ಒಂದೇ ಬಸ್ಸು, ಅದು ಅರ್ಜಿದಾರನದು. ಸೋತವರನ್ನು ಅಷ್ಟಕ್ಕೇ ಮನೆಗೆ ಕಳಿಸುವ ಪದ್ಧತಿ ಈ ಪಂದ್ಯಾವಳಿಯಲ್ಲಿ ಇಲ್ಲ. ಹದಿನಾರು ತಂಡಗಳಿಗೂ ಸ್ಥಾನ ಹಂಚಲೇಬೇಕಾದ ಕಾರಣ, ಹದಿನೈದನೆಯವರು ಯಾರು, ಹದಿನಾರನೆಯವರು ಯಾರು ಎಂದು ತೀರ್ಮಾನಿಸಲು ಅವರೂ ಆಡಬೇಕು. ಆದ್ದರಿಂದ ಕೊನೆಯ ದಿನ ಬೆಳಿಗ್ಗೆ ಅವರನ್ನು ಹಿಂಬದಿಯ ಸಣ್ಣ ಹಾಲ್‌ಗೆ ಬಿಟ್ಟು, ಪಂದ್ಯ ಮುಗಿದೊಡನೆ ವಿಮಾನ ನಿಲ್ದಾಣ ಮುಟ್ಟಿಸುವ ಹೊಣೆ ಅರ್ಜಿದಾರನದಾಗಿತ್ತು.

2. ಚಾಲಕನ ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗವಿದ್ದ ಕಾರಣ, ಒಂದು ತಂಡದ ಅತಿ ಎತ್ತರದ ಹುಡುಗಿ ಅಲ್ಲೇ ಕೂರುತ್ತಿದ್ದಳು. ಅಂಗಿಯ ನಂಬರು ಹನ್ನೊಂದು. "ಇವತ್ತು ನನ್ನನ್ನ ಆಟಕ್ಕೆ ಇಳಿಸ್ತಾರೆ ಅಣ್ಣಾ," ಎಂದು ದಿನಾ ಬೆಳಿಗ್ಗೆ ಇಂಗ್ಲಿಷಿನಲ್ಲಿ ಹೇಳುವಳು; 'ಅಣ್ಣಾ' ಮಾತ್ರ ಅರ್ಜಿದಾರ ಕಲಿಸಿದ ಕನ್ನಡ. ಸಂಜೆ ಉಳಿದವರೆಲ್ಲ ಬೆವರಲ್ಲಿ ತೊಯ್ದು ಬಸ್ಸು ಹತ್ತಿದರೆ, ಇವಳ ಅಂಗಿಯ ಇಸ್ತ್ರಿ ಗೆರೆಯೂ ಅಳಿಸಿರುತ್ತಿರಲಿಲ್ಲ. ಅರ್ಜಿದಾರನು ಅದನ್ನು ದಿನಾ ಕನ್ನಡಿಯಲ್ಲಿ ನೋಡುತ್ತಿದ್ದನು. ತರಬೇತುದಾರರಿಗೆ ಬುದ್ಧಿ ಹೇಳುವುದು ಸಾರಿಗೆ ವಿಭಾಗದ ವ್ಯಾಪ್ತಿಗೆ ಬಾರದ ಕಾರಣ ಗೇರು ಹಾಕಿ ಬಸ್ಸು ಹೊರಡಿಸುತ್ತಿದ್ದನು.

3. ಸದರಿ ಪಂದ್ಯಕ್ಕೆ ಪ್ರೇಕ್ಷಕನೆಂದರೆ ಅರ್ಜಿದಾರ ಒಬ್ಬನೇ. ಹೊರಡುವ ಹೊತ್ತಾಯಿತೆಂದು ಹೇಳಲು ಒಳಗೆ ಹೋದವನು ಕೂತುಬಿಟ್ಟನು. ಪಂದ್ಯ ಸಮವಾಯಿತು. ಈ ಆಟದಲ್ಲಿ ಸಮಕ್ಕೆ ಬಿಡುವಂತಿಲ್ಲದ ಕಾರಣ ಹೆಚ್ಚುವರಿ ಆಟ ಆಡಿಸಿದರು. ಅದೂ ಸಮ. ಸೋಲುವುದರಲ್ಲಿ ನಾ ಮುಂದು ತಾ ಮುಂದು ಎನ್ನುತ್ತಿದ್ದವರು ಅವತ್ತು ಯಾರೂ ಸೋಲಲು ಒಪ್ಪಲಿಲ್ಲ. ಐದು ಫೌಲ್ ಮಾಡಿದವರು ಹೊರಗೆ ಹೋಗಬೇಕೆಂಬ ನಿಯಮದಂತೆ ಒಬ್ಬೊಬ್ಬರೇ ಹೋಗಿ, ಆ ಹುಡುಗಿಯ ತಂಡದಲ್ಲಿ ಬದಲಿ ಆಡಲು ನಂಬರು ಹನ್ನೊಂದು ಮಾತ್ರ ಉಳಿದಳು. ಅವಳು ಎದ್ದು ಮೇಲಂಗಿ ಬಿಚ್ಚಹೊರಟರೆ ಅವಸರಕ್ಕೆ ಜಿಪ್ಪು ಸಿಕ್ಕಿಕೊಂಡಿತು.

4. ಅಷ್ಟರಲ್ಲಿ ಎರಡೂ ತಂಡಗಳ ಮ್ಯಾನೇಜರುಗಳು ಗಡಿಯಾರ ನೋಡಿ, ಹದಿನೈದಾದರೇನು ಹದಿನಾರಾದರೇನು, ಟಾಸ್ ಹಾಕಿ ಮುಗಿಸೋಣ ಎಂದರು. ತಮ್ಮ ಅಧಿಕಾರಿಯೂ ತಲೆಯಾಡಿಸಿದರು. ಈ ಆಟ ಚೆಂಡು ಹಾರಿಸಿ ಶುರುವಾಗುವುದರಿಂದ ರೆಫರಿ ಬಳಿ ನಾಣ್ಯ ಇರಲಿಲ್ಲ. ದೊಡ್ಡವರ ಜೇಬಿನಲ್ಲಿ ಬರೀ ಕಾರ್ಡು. ಎಲ್ಲರೂ ಅರ್ಜಿದಾರನತ್ತ ಕೈ ಚಾಚಿದರು.

ಅರ್ಜಿದಾರನ ಜೇಬಿನಲ್ಲಿ ನಾಣ್ಯವಿತ್ತು. ಹನ್ನೊಂದು ಜಿಪ್ಪು ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದಳು.

"ಚಿಲ್ಲರೆ ಇಲ್ಲ," ಎಂದನು.

ಬಸ್ಸಿನವರು ಈ ಮಾತು ಹೇಳಿದರೆ ಯಾರೂ ಎರಡನೇ ಸಲ ಕೇಳುವುದಿಲ್ಲ. ಆದ್ದರಿಂದ ಆಟ ಮುಂದುವರಿಯಿತು.

5. ಹನ್ನೊಂದು ಮೊದಲ ಚೆಂಡನ್ನು ಎದುರಾಳಿಯ ಕೈಗೇ ಕೊಟ್ಟಳು. ಎರಡನೆಯದು ಬುಟ್ಟಿಯ ಹತ್ತಿರವೂ ಸುಳಿಯಲಿಲ್ಲ. ಮೂರನೆಯದು ರಿಂಗಿನ ಮೇಲೆ ಸುತ್ತಿ ಸುತ್ತಿ, ಎಲ್ಲರ ಜೀವ ಬಾಯಿಗೆ ತಂದು, ಒಳಗೆ ಬಿತ್ತು. ಅರ್ಜಿದಾರನು ಕುರ್ಚಿ ಹತ್ತಿ ಶಿಳ್ಳೆ ಹೊಡೆದದ್ದು ನಿಜ. ರೆಫರಿ ಊದಿದರೆಂದು ತಿಳಿದು ಎಲ್ಲರೂ ಆಟ ನಿಲ್ಲಿಸಿದ್ದೂ ನಿಜ. ಕೊನೆಗೆ ಒಂದೇ ಅಂಕದಿಂದ ಅವಳ ತಂಡ ಸೋತು ಹದಿನಾರನೆಯದಾಯಿತು. ವಿಮಾನ ಅಷ್ಟು ಹೊತ್ತಿಗೆ ಹೋಗಿಯಾಗಿತ್ತು.

6. ಅವಳು ಬಂದು ಹಿಂದಿನ ಸೀಟಿನಲ್ಲಿ ದೊಪ್ಪನೆ ಕೂತಳು. ತಲೆಯಿಂದ ಕಾಲಿನವರೆಗೆ ಬೆವರು. ಸೀಟು ಒದ್ದೆಯಾದದ್ದು ಹೀಗೆ. ಅರ್ಜಿದಾರನು ಸಮಾಧಾನ ಹೇಳಹೊರಟಾಗ ಅವಳೇ ಹೇಳಿದಳು:

"ಇಷ್ಟು ದಿನ ಅವರು ಸೋಲ್ತಿದ್ರು ಅಣ್ಣಾ. ಇವತ್ತು ನಾನೂ ಸೋತೆ."

ಕನ್ನಡಿಯಲ್ಲಿ ನೋಡಿದರೆ ನಗುತ್ತಿದ್ದಳು. ಅರ್ಜಿದಾರನಿಗೆ ಬಹಳ ಸಂತೋಷವಾಯಿತು.

ಆದ್ದರಿಂದ, ವಿಮಾನ ತಪ್ಪಿದ್ದಕ್ಕೆ ತಾವು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಕೆಲಸದಿಂದ ತೆಗೆಯುವುದಾದರೆ ಮನೆಯಾಕೆಯ ಅಭಿಪ್ರಾಯವನ್ನೂ ಪಡೆಯಬೇಕು. ಸೀಟಿನ ಬಗ್ಗೆ ಅರ್ಜಿದಾರನಿಗೆ ಪಶ್ಚಾತ್ತಾಪವಿಲ್ಲ.

ತಮ್ಮ ವಿಶ್ವಾಸಿ,
ಅರ್ಜಿದಾರ

ಅಡಕಗಳು:
1. ತಮ್ಮ ನೋಟಿಸಿನ ಪ್ರತಿ.
2. ನಾಣ್ಯ, ಒಂದು. ಇದನ್ನು ಸಮಿತಿಯ ಕಪಾಟಿನಲ್ಲಿ ಬೀಗ ಹಾಕಿಟ್ಟು, ಮುಂದಿನ ಪಂದ್ಯಾವಳಿಯಲ್ಲಿ ಯಾರಾದರೂ ಕೇಳಿದರೆ ಚಿಲ್ಲರೆ ಇಲ್ಲವೆಂದು ಹೇಳಬೇಕಾಗಿ ವಿನಂತಿ.